ಸಿಸ್ಟರ್ ವರ್ಗವಾದ ಮೇಲೂ ಉಪಕೇಂದ್ರ ನಡೆಯಬೇಕಾದರೆ

ನಾನು ಸರ್ಕಾರಿ ದವಾಖಾನೆಗಳಲ್ಲಿ ಫಾರ್ಮಸಿಸ್ಟ್ ಆಗಿದ್ದವನು. ಕಲಬುರಗಿ ಜಿಲ್ಲೆಯಲ್ಲಿ ಕೆಲಸ ಶುರು ಮಾಡಿ ಯಾದಗಿರಿ ಜಿಲ್ಲೆಯಲ್ಲಿ ನಿವೃತ್ತನಾದೆ. ಈಗ ನಮ್ಮೂರಿನ ಆರೋಗ್ಯ ಸಮಿತಿಯಲ್ಲಿದ್ದೇನೆ. ಊರಿನ ಆರೋಗ್ಯ ಉಪಕೇಂದ್ರ ಹೇಗೆ ಬೀಳುತ್ತೆ, ಹೇಗೆ ನಿಲ್ಲುತ್ತೆ ಅನ್ನೋದನ್ನು ಔಷಧಿ ಕೌಂಟರಿನ ಒಳಗಿಂದಲೂ ನೋಡಿದ್ದೇನೆ, ಹೊರಗೆ ಸಾಲಲ್ಲಿ ನಿಂತೂ ನೋಡಿದ್ದೇನೆ.

ಒಂದು ಊರಿನ ಮಾತು ಹೇಳುತ್ತೇನೆ, ಊರಿನ ಹೆಸರು ಬೇಡ. ಅಲ್ಲಿ ಬಹಳ ಒಳ್ಳೆ ಸಿಸ್ಟರ್ ಇದ್ದರು. ಯಾರ ಮನೆಯಲ್ಲಿ ಯಾರು ಬಸುರಿ, ಯಾವ ಕೂಸಿಗೆ ಯಾವ ಲಸಿಕೆ ಬಾಕಿ, ಯಾರ ಬಿಪಿ ಗುಳಿಗೆ ಎಂದಿಗೆ ಮುಗಿಯುತ್ತೆ, ಎಲ್ಲಾ ಅವರ ಬಾಯಲ್ಲೇ ಇತ್ತು. ಜೂನ್‌ನಲ್ಲಿ ವರ್ಗವಾಯಿತು. ಊರವರು ಶಾಲು ಹೊದಿಸಿ, ಕಣ್ಣೀರು ಹಾಕಿ ಕಳಿಸಿದರು. ಹೊಸ ಸಿಸ್ಟರ್ ಬಂದ ಮೂರನೇ ದಿನ ಒಬ್ಬ ಅಜ್ಜಿ ಬಂದಳು. ನಾನು ಅವತ್ತು ಸ್ಟಾಕ್ ನೋಡಲು ಹೋಗಿದ್ದೆ.

"ಯವ್ವಾ, ನನ್ನ ಗುಳಿಗಿ ಕೊಡವಾ."

"ಯಾವ ಗುಳಿಗಿ ಅಜ್ಜಿ?"

"ಸಣ್ಣದು. ಬೆಳ್ಳಂದು."

ಕಪಾಟಿನಲ್ಲಿದ್ದ ಗುಳಿಗೆಗಳಲ್ಲಿ ಅರ್ಧಕ್ಕರ್ಧ ಸಣ್ಣವೇ, ಬಿಳಿಯವೇ. ರಿಜಿಸ್ಟರ್ ತೆಗೆದರೆ ಫೆಬ್ರವರಿಯಿಂದ ಈಚೆಗೆ ಖಾಲಿ. ಹಳೆ ಸಿಸ್ಟರ್ ತಮ್ಮ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಡೈರಿ ಅವರ ಬ್ಯಾಗಿನಲ್ಲಿ ಹೋಗಿತ್ತು. ಅವರ ತಪ್ಪೇನೂ ಇಲ್ಲ, ಅದು ಅವರದೇ ಡೈರಿ. ತಪ್ಪು ನಮ್ಮದು. ಇಡೀ ಊರಿನ ಆರೋಗ್ಯವನ್ನು ಒಬ್ಬರ ನೆನಪಿನ ಮೇಲೆ ಬಿಟ್ಟು ನೆಮ್ಮದಿಯಾಗಿದ್ದೆವು.

ಕಲಬುರಗಿಗೆ ಈಗ ದೊಡ್ಡ ದೊಡ್ಡ ಆಸ್ಪತ್ರೆಗಳು ಬಂದಿವೆ. 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಶುರುವಾಯಿತು, 371 ಹಾಸಿಗೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಮಿನ ಸಂಖ್ಯೆ ಅದು. ಸಂತೋಷವೇ. ಆದರೆ ಬಿಪಿ ಗುಳಿಗೆ ತಿಂಗಳು ತಿಂಗಳು ಊರಲ್ಲೇ ಸಿಕ್ಕರೆ ಆ ಹಾಸಿಗೆಗಳ ತನಕ ಹೋಗುವವರು ಕಡಿಮೆಯಾಗುತ್ತಾರೆ ಅಲ್ವಾ? ಕೆಳಗೆ ಬರೆದಿರುವುದು ಊರಲ್ಲೇ ಮಾಡಬೇಕಾದ ಆ ಕೆಲಸದ ಬಗ್ಗೆ. ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದವರು, ಊರಲ್ಲೇ ಇರುವ ಓದಿದ ಹುಡುಗರು, ಯಾರು ಬೇಕಾದರೂ ಶುರು ಮಾಡಬಹುದು.

ಮೊದಲು ಊರು ನಡೆದು ನೋಡಿ

ಕಾಗದದ ಮೇಲೆ ಲೆಕ್ಕ ಹೀಗಿದೆ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), 1,20,000ಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಸಾವಿರ ಜನರಿಗೆ ಒಬ್ಬ ಆಶಾ. 2018ರಿಂದ ಉಪಕೇಂದ್ರಗಳನ್ನು ಮೇಲ್ದರ್ಜೆಗೆ ಏರಿಸಿ, ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೊಡಲು ಶುರು ಮಾಡಿದರು. ಅವರನ್ನು ಊರಲ್ಲಿ ಸಿಎಚ್‌ಒ ಅಂತಲೇ ಕರೆಯುತ್ತಾರೆ. 2023ರಲ್ಲಿ ಇಂಥ ಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರಾಯಿತು. ಬೋರ್ಡು ಬದಲಾಗಿದೆ, ಊರವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ "ಸಣ್ಣ ದವಾಖಾನಿ".

ನಿಮ್ಮ ಉಪಕೇಂದ್ರಕ್ಕೆ ಯಾವ ಯಾವ ಊರು, ತಾಂಡಾ, ತೋಟದ ಮನೆ ಸೇರುತ್ತವೆ ಅಂತ ಒಂದು ಹಾಳೆಯ ಮೇಲೆ ಬರೆಯಿರಿ. ಆಮೇಲೆ ಆ ಹಾಳೆ ಹಿಡಿದು ನಡೆಯಿರಿ, ಬೈಕ್ ಬೇಡ. ನಡೆದರೇ ಗೊತ್ತಾಗೋದು, ಎರಡು ಕಿಲೋಮೀಟರ್ ಅಂತ ಬರೆದಿರುವ ತಾಂಡಾಕ್ಕೆ ನಡುವೆ ಹಳ್ಳ ಇದೆ, ಆಗಸ್ಟ್‌ನಲ್ಲಿ ಅದು ಎದೆಮಟ್ಟ ಬರುತ್ತೆ ಅಂತ. ಪ್ರತಿ ಓಣಿಗೂ ಮೂರು ವಿಷಯ ಗುರುತು ಹಾಕಿ: ಮಳೆಗಾಲದಲ್ಲಿ ದಾರಿ ಇದೆಯೋ ಇಲ್ಲವೋ, ಫೋನ್ ಸಿಗ್ನಲ್ ಎಲ್ಲಿ ಸಿಗುತ್ತೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ.

ಭಾಷೆಯದನ್ನು ಸುಮ್ನೆ ಹೇಳಿದ್ದಲ್ಲ. ಗುರುಮಠಕಲ್ ಕಡೆ ತೆಲುಗು, ಆಳಂದ ಗಡಿಯಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಎಲ್ಲಾ ಕಡೆ ದಖನಿ ಉರ್ದು. "ಊಟದ ನಂತರ ದಿನಕ್ಕೆ ಎರಡು" ಅಂತ ಕನ್ನಡದಲ್ಲಿ ಹೇಳಿ ಕಳಿಸಿದ್ದನ್ನು ತಾಂಡಾದ ಮುದುಕಿ "ಎರಡು ದಿನಕ್ಕೊಂದು" ಅಂತ ತಿಳಿದುಕೊಂಡು ಎರಡು ತಿಂಗಳು ಹಾಗೇ ನುಂಗಿದ್ದನ್ನು ನಾನೇ ನೋಡಿದ್ದೇನೆ. ಗುಳಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದು ಕೊಡೋದು ಆವತ್ತಿನಿಂದ ಶುರು ಮಾಡಿದೆ. ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ.

ಒಂದೇ ಪುಸ್ತಕ, ಅದೂ ಕಾಗದದ್ದು

ಈಗ ಎಲ್ಲಾ ಆ್ಯಪ್‌ನಲ್ಲೇ. ಸಿಸ್ಟರಿಗೆ ಒಂದು, ಆಶಾಗೆ ಒಂದು, ಸಿಎಚ್‌ಒಗೆ ಮೂರು ನಾಲ್ಕು. ಮೇಲಿನವರಿಗೆ ವರದಿ ಬೇಕು, ಅದಕ್ಕೆ ಅವು ಇರಲಿ. ಆದರೆ ಊರಿನ ನೆನಪು ಮೊಬೈಲಿನಲ್ಲಿ ನಿಲ್ಲೋದಿಲ್ಲ. ಐಡಿ ಬದಲಾದರೆ, ಪಾಸ್‌ವರ್ಡ್ ಮರೆತರೆ, ಮನುಷ್ಯ ಬೇರೆ ಊರಿಗೆ ಹೋದರೆ ಅದೂ ಹೋಯಿತು. ಅದಕ್ಕೆ 200 ಪುಟದ ಒಂದು ದಪ್ಪ ಪುಸ್ತಕ ತನ್ನಿ. ಅದು ಉಪಕೇಂದ್ರದ ಸ್ವತ್ತು. ಯಾರ ಮನೆಗೂ ಹೋಗಬಾರದು.

ಅದರಲ್ಲಿ ಮನೆ ನಂಬರ್ ಪ್ರಕಾರ ಬರೆಯಿರಿ. ಬಸುರಿಯರು, ಎರಡು ವರ್ಷದೊಳಗಿನ ಮಕ್ಕಳು, 30 ದಾಟಿದವರಲ್ಲಿ ಬಿಪಿ, ಶುಗರ್ ಇದ್ದವರು, ಹಾಸಿಗೆ ಹಿಡಿದವರು. ಗುಳಿಗೆ ತಗೊಳ್ಳುವವರ ಎದುರು ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಮುಗಿಯುವ ತಾರೀಖು. ಆ ಅಜ್ಜಿಯ "ಸಣ್ಣದು, ಬೆಳ್ಳಂದು" ಒಂದೇ ಸಾಲಿನಲ್ಲಿ ಬಗೆಹರಿಯುತ್ತಿತ್ತು: ಬಿಪಿಗೆ, ಅಮ್ಲೋಡಿಪಿನ್ 5, ದಿನಕ್ಕೊಂದು.

ಟಿಬಿ, ಎಚ್‌ಐವಿ ಈ ಪುಸ್ತಕದಲ್ಲಿ ಬೇಡ. ಅವಕ್ಕೆ ಇಲಾಖೆಯದೇ ಬೇರೆ ದಾಖಲೆ ಇರುತ್ತೆ, ಅದು ಬೀಗದಲ್ಲಿರಲಿ. ಊರು ಸಣ್ಣದು, ಪುಸ್ತಕ ಮೇಜಿನ ಮೇಲೆ ಬಿದ್ದಿರುತ್ತೆ, ಓದುವ ಕಣ್ಣು ಬಹಳ.

ನಮ್ಮ ಭಾಗಕ್ಕೇ ಅಂತ ಎರಡು ಕಾಲಂ ಜಾಸ್ತಿ ಹಾಕಬೇಕು.

ಒಂದು, ಗುಳೆ. ತೊಗರಿ ರಾಶಿ ಮುಗೀತು ಅಂದರೆ ಅರ್ಧ ತಾಂಡಾ ಖಾಲಿ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ಜೊತೆಗೆ ಬಿಪಿ ಇರುವ ಅಪ್ಪನೂ ಹೋಗುತ್ತಾನೆ, ಆರು ತಿಂಗಳ ಬಸುರಿಯೂ ಹೋಗುತ್ತಾಳೆ, ಅರ್ಧ ಲಸಿಕೆ ಆದ ಕೂಸೂ ಹೋಗುತ್ತೆ. ಎಲ್ಲಿಗೆ ಹೋದರು, ಮೇಸ್ತ್ರಿಯ ಫೋನ್ ನಂಬರ್ ಏನು, ಯಾವಾಗ ವಾಪಸ್, ಇಷ್ಟು ಬರೆಯಿರಿ. ಹೋಗುವ ಮುಂಚೆ ತಾಯಿ ಕಾರ್ಡಿನ ಫೋಟೊ ಅವರದೇ ಮೊಬೈಲಿನಲ್ಲಿ ತೆಗೆದು ಕೊಡಿ. ಬಿಪಿ, ಶುಗರ್ ಹತೋಟಿಯಲ್ಲಿರುವ ರೋಗಿಗಳಿಗೆ ವೈದ್ಯರನ್ನು ಕೇಳಿ ಎರಡು ತಿಂಗಳ ಗುಳಿಗೆ ಒಟ್ಟಿಗೆ ಕೊಡಿ. ಟಿಬಿ ಇದ್ದವರಿಗೆ ಸರ್ಕಾರ ಕೊಡುವ ನೋಂದಣಿ ಸಂಖ್ಯೆ, ಅಂದರೆ ನಿಕ್ಷಯ್ ನಂಬರ್ ಇದ್ದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಗೆ ಚಿಕಿತ್ಸೆಯನ್ನು ವರ್ಗ ಮಾಡಿಸಬಹುದು. ತಿಂಗಳಿಗೆ ಸಿಗುವ ಪೌಷ್ಟಿಕ ಆಹಾರದ ಹಣವೂ ಬ್ಯಾಂಕ್ ಖಾತೆಗೇ ಬರುತ್ತೆ. ಮೊದಲು 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಇದನ್ನು ಹೇಳಿ ಕಳಿಸದಿದ್ದರೆ ಅವರು ಅಲ್ಲಿ ಗುಳಿಗೆ ಬಿಡುತ್ತಾರೆ, ಹೋಳಿಗೆ ಊರಿಗೆ ಬರುವಾಗ ಕೆಮ್ಮುತ್ತಾ ಬರುತ್ತಾರೆ.

ಎರಡನೆಯದು, ತವರು. ಏಳು ತಿಂಗಳು ತುಂಬಿದರೆ ಸೊಸೆ ತವರಿಗೆ ಹೋಗುತ್ತಾಳೆ. ಇಲ್ಲಿನ ಆಶಾ "ಊರಿಗೆ ಹೋಗ್ಯಾಳ" ಅಂತ ಬರೆದು ಕೈಬಿಡುತ್ತಾರೆ. ಅಲ್ಲಿನ ಆಶಾಗೆ ಅವಳು ಬಂದಿರುವುದೇ ಗೊತ್ತಿರಲ್ಲ. ಹೆರಿಗೆಗೆ ಮುಂಚಿನ ಎರಡು ತಿಂಗಳು, ಅಂದರೆ ಬಿಪಿ ಏರುವ, ರಕ್ತ ಕಡಿಮೆಯಿದ್ದರೆ ಅಪಾಯವಾಗುವ ಕಾಲ, ಆಕೆ ಯಾರ ಪಟ್ಟಿಯಲ್ಲೂ ಇರೋದಿಲ್ಲ. ಇದಕ್ಕೆ ಆ್ಯಪ್ ಬೇಡ, ಒಂದು ಫೋನ್ ಸಾಕು. "ಅಕ್ಕಾ, ನಮ್ಮೂರಿನ ಹುಡುಗಿ ನಿಮ್ಮೂರಿಗೆ ಬಂದಾಳ, ಎರಡನೇ ಬಸಿರು, ಹಿಮೋಗ್ಲೋಬಿನ್ 8 ಐತಿ, ಕಬ್ಬಿಣದ ಗುಳಿಗಿ ಸರಿಯಾಗಿ ನುಂಗಂಗಿಲ್ಲ, ನೋಡ್ಕೋರಿ." ಬಸುರಿಗೆ ಕೊಡಬೇಕಾದ ಕಬ್ಬಿಣದ ಗುಳಿಗೆ 180. ತವರಿಗೆ ಹೊರಟಾಗ ಎಷ್ಟು ಉಳಿದಿವೆಯೋ ಅಷ್ಟನ್ನೂ ಕೈಗೆ ಕೊಡಿ. ಫೋನ್ ಮಾಡಿದ ತಾರೀಖನ್ನು ಪುಸ್ತಕದಲ್ಲಿ ಬರೆಯಿರಿ.

ಗುಳಿಗೆಯ ಲೆಕ್ಕ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ನನ್ನ ಕೆಲಸವೇ ಇದಾಗಿತ್ತು. ಮೂರು ಸಲ ಬಂದು ಗುಳಿಗೆ ಸಿಗದ ಮನುಷ್ಯ ನಾಲ್ಕನೇ ಸಲ ಬರೋದಿಲ್ಲ. ಕಟ್ಟಡ ಎಷ್ಟೇ ಚೆಂದ ಇರಲಿ, ಬಣ್ಣ ಎಷ್ಟೇ ಬಳಿಯಿರಿ.

ಇಂಡೆಂಟ್, ಅಂದರೆ ಔಷಧಿ ಬೇಕು ಅಂತ ಕಳಿಸುವ ಬೇಡಿಕೆ ಪಟ್ಟಿ, ಹಾಕುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಹೋದ ವರ್ಷ ಎಷ್ಟು ಖರ್ಚಾಯಿತೋ ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿ ಬರೆದುಬಿಡೋದು. ಇದರಲ್ಲಿ ಏನು ತಪ್ಪು? ಒಂದು ಲೆಕ್ಕ ಹಿಡಿಯಿರಿ. ಹೋದ ವರ್ಷ 12,800 ಅಮ್ಲೋಡಿಪಿನ್ ಗುಳಿಗೆ ಕೊಟ್ಟಿದ್ದೀರಿ. 12 ತಿಂಗಳಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 1,067. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಸ್ಟಾಕೇ ಇರಲಿಲ್ಲ. ಹಾಗಾದರೆ 8ರಿಂದ ಭಾಗಿಸಬೇಕು. ತಿಂಗಳಿಗೆ 1,600 ಬಂತು. ಮೊದಲಿನ ಲೆಕ್ಕ ಹಿಡಿದು ತರಿಸಿದರೆ ಈ ವರ್ಷವೂ ನಾಲ್ಕು ತಿಂಗಳು ಖಾಲಿ ಬೀಳುತ್ತೆ, ಮುಂದಿನ ವರ್ಷವೂ ಅದೇ ಹಾಡು. ಇಲ್ಲದ ಗುಳಿಗೆ ಖರ್ಚಿನ ಲೆಕ್ಕದಲ್ಲಿ ಬರೋದಿಲ್ಲ. ನನಗೆ ಇದು ಹೊಳೆಯೋಕೆ ಎಷ್ಟು ವರ್ಷ ಹಿಡಿಯಿತು ಅಂತ ಹೇಳಿದರೆ ನಾಚಿಕೆಯಾಗುತ್ತೆ.

ಇದಕ್ಕಿಂತ ಸರಿಯಾದ ದಾರಿ ಪುಸ್ತಕದಿಂದ ತಲೆ ಎಣಿಸೋದು. ಅಮ್ಲೋಡಿಪಿನ್ ದಿನಕ್ಕೊಂದು ತಗೊಳ್ಳುವವರು 64 ಜನ ಅಂತಿಟ್ಟುಕೊಳ್ಳಿ. 64 ಗುಣಿಲೆ 30, ತಿಂಗಳಿಗೆ 1,920. ಇಂಡೆಂಟ್ ಹಾಕಿದ ದಿನದಿಂದ ಬಾಕ್ಸು ಬರಲು ಎರಡು ತಿಂಗಳು ಹಿಡಿಯುತ್ತೆ ಅಂದರೆ ಎರಡು ತಿಂಗಳದ್ದು, ಮೇಲೆ ಒಂದು ತಿಂಗಳು ಗುಂಡಿಗೆ ಧೈರ್ಯಕ್ಕೆ. ಒಟ್ಟು ಮೂರು ತಿಂಗಳದು, 5,760. ಅಂದರೆ ಹತ್ತರ 576 ಪಟ್ಟಿ. ಸ್ಟಾಕ್ ಇಲ್ಲಿಗೆ ಇಳಿದ ದಿನವೇ ಇಂಡೆಂಟ್ ಹೋಗಬೇಕು, ಮುಗಿದ ಮೇಲಲ್ಲ. ಈ ನಂಬರನ್ನು ಕೆಂಪು ಮಾರ್ಕರ್‌ನಲ್ಲಿ ಬರೆದು ಆ ಗುಳಿಗೆ ಇಡುವ ಗೂಡಿಗೇ ಅಂಟಿಸಿ. ಶುಗರಿನ ಗುಳಿಗೆ ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ದಿನಕ್ಕೆರಡು, ಅದಕ್ಕೆ ತಲೆಗೆ 60 ಹಿಡಿಯಿರಿ.

ಕೊಡುವಾಗ ತಿಂಗಳದ್ದು ಒಟ್ಟಿಗೆ ಕೊಡಿ. ಹತ್ತು ಹತ್ತು ದಿನದ್ದು ಕೊಟ್ಟರೆ ಸ್ಟಾಕ್ ಉಳಿಯುತ್ತೆ ಅನ್ನೋದು ಬರೀ ಭ್ರಮೆ. ಕೂಲಿಯವಳು ತಿಂಗಳಿಗೆ ಮೂರು ಸಲ ಅರ್ಧ ದಿನದ ಕೂಲಿ ಬಿಟ್ಟು ಬರಬೇಕು. ಬರೋದಿಲ್ಲ. ಸ್ಟಾಕ್ ಉಳಿದಂತೆ ಕಾಣುತ್ತೆ, ಆದರೆ ಆಕೆಯ ಬಿಪಿ 180ಕ್ಕೆ ಏರಿರುತ್ತೆ.

ಕಪಾಟಿನಲ್ಲಿ ಮೊದಲು ಎಕ್ಸ್‌ಪೈರಿ ಆಗುವುದು ಮುಂದೆ, ಹೊಸದು ಹಿಂದೆ. ಮೂರು ತಿಂಗಳಲ್ಲಿ ಎಕ್ಸ್‌ಪೈರಿ ಆಗುವ ಬಾಕ್ಸು ಕಂಡರೆ ಪಕ್ಕದ ಉಪಕೇಂದ್ರಕ್ಕೆ ಫೋನ್ ಮಾಡಿ. ನಿಮ್ಮಲ್ಲಿ ಕೊಳೆಯುತ್ತಿರುವ ಜಂತುಹುಳದ ಗುಳಿಗೆ ಅಲ್ಬೆಂಡಜೋಲ್ ಅವರಲ್ಲಿ ಇಲ್ಲದಿರಬಹುದು. ಪಿಎಚ್‌ಸಿಯ ಫಾರ್ಮಸಿಸ್ಟ್ ಮೂಲಕ ಕಾಗದದ ಮೇಲೆ ಕೊಟ್ಟು, ಕಾಗದದ ಮೇಲೆ ಪಡೆಯಿರಿ. ಬಾಯಿಮಾತಲ್ಲಿ ಬೇಡ, ಆಡಿಟ್ ಬಂದಾಗ ಕೊರಳಿಗೆ ಬರುತ್ತೆ.

ಬಿಸಿಲು ಮತ್ತು ಐಸು

ನಮ್ಮ ಮೇ ತಿಂಗಳು ಗೊತ್ತಲ್ಲ. 42, 43 ಡಿಗ್ರಿ ಮಾಮೂಲು. ತಗಡಿನ ಮಾಡಿನ ಕೋಣೆಯಲ್ಲಿ ಮಧ್ಯಾಹ್ನ ಬೆಂಕಿ. ಬಹಳಷ್ಟು ಗುಳಿಗೆಗಳ ಬಾಕ್ಸಿನ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತಾರೆ, ಓದೋದು ಯಾರು? ಕಪಾಟನ್ನು ಪಡುವಣ ಗೋಡೆಗೆ ತಾಗಿಸಬೇಡಿ. ಸಂಜೆ ಬಿಸಿಲೆಲ್ಲಾ ಆ ಗೋಡೆಯೇ ಕುಡಿಯುತ್ತೆ. ಶಹಾಬಾದ್ ಪರಸಿ ಹಾಸಿದ ನೆಲ ತಂಪು, ಆದರೂ ಬಾಕ್ಸು ನೇರ ನೆಲಕ್ಕಿಡಬೇಡಿ, ಇಟ್ಟಿಗೆ ಮೇಲೆ ಹಲಗೆ ಹಾಕಿ ಇಡಿ. ಗೋಡೆಯ ಮೇಲೊಂದು ಸಣ್ಣ ಥರ್ಮಾಮೀಟರ್ ತೂಗುಹಾಕಿ.

ಲಸಿಕೆಯದು ಬೇರೆ ಕಥೆ. ಅದು ಪಿಎಚ್‌ಸಿಯ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರುತ್ತೆ, ಗುರುವಾರ ಬೆಳಿಗ್ಗೆ ನೀಲಿ ಡಬ್ಬಿಯಲ್ಲಿ ನಾಲ್ಕು ಐಸ್‌ಪ್ಯಾಕ್ ಜೊತೆ ಊರಿಗೆ ಬರುತ್ತೆ. ಬಿಸಿಲು ಜಾಸ್ತಿ ಅಂತ ಫ್ರೀಜರ್‌ನಿಂದ ತೆಗೆದ ಕಲ್ಲಿನಂಥ ಐಸನ್ನು ಹಾಗೇ ಡಬ್ಬಿಗೆ ಹಾಕುವವರಿದ್ದಾರೆ. ಪೆಂಟಾವೇಲೆಂಟ್‌ನಂಥ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟಿತು. ಮತ್ತೆ ಕರಗಿದರೂ ಕೆಟ್ಟಿದ್ದೇ. ಐಸ್‌ಪ್ಯಾಕ್ ಹೊರಗಿಟ್ಟು, ಮೇಲೆ ಬೆವರಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕುವ ಸದ್ದು ಕೇಳಬೇಕು. ಆಮೇಲೆ ಡಬ್ಬಿಗೆ. ಸೀಸೆಯ ಮೇಲಿನ ಗುರುತನ್ನು ತಾಯಂದಿರಿಗೂ ತೋರಿಸಿ: ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ವೃತ್ತದಷ್ಟೇ ಕಪ್ಪಾಗಿದ್ದರೆ ಬಳಸಬಾರದು. ಅಕ್ಷರ ಬಾರದ ತಾಯಿ ಕೂಡ ಇದನ್ನು ಒಂದೇ ಸಲಕ್ಕೆ ಕಲಿಯುತ್ತಾಳೆ. ಕಲಿತ ಮೇಲೆ ಪ್ರತಿ ಗುರುವಾರ ಕೇಳುತ್ತಾಳೆ, ಸಿಸ್ಟರ್ ಯಾರೇ ಇರಲಿ.

ಇನ್ವರ್ಟರ್ ಇದ್ದರೆ ಅದರ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋದು ಯಾರ ಕೆಲಸ ಅಂತ ಹೆಸರು ಹಿಡಿದು ಬರೆಯಿರಿ. ಎಲ್ಲರ ಕೆಲಸ ಅಂದರೆ ಯಾರೂ ಹಾಕೋದಿಲ್ಲ.

ಹತ್ತು ಸಾವಿರ ರೂಪಾಯಿ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಪ್ರತಿ ಊರಿಗೂ ಇರಬೇಕು. ಕಾಗದದಲ್ಲಿ ಇದ್ದೇ ಇರುತ್ತೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗಿನಿಂದ ಇದೆ. ಪಂಚಾಯಿತಿ ಸದಸ್ಯರೊಬ್ಬರು ಅಧ್ಯಕ್ಷರು, ಆಶಾ ಕಾರ್ಯದರ್ಶಿ, ಇಬ್ಬರ ಸಹಿಯಿಂದ ಖಾತೆ ನಡೆಯುತ್ತೆ. ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ. ದೊಡ್ಡ ಹಣ ಅಲ್ಲ, ಆದರೆ ಯಾರ ಅಪ್ಪಣೆಗೂ ಕಾಯಬೇಕಿಲ್ಲದ ಹಣ. ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಜನ ಆರೋಗ್ಯ ಸಮಿತಿ, ಪಿಎಚ್‌ಸಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಬೇರೆ ಇವೆ.

ಈ ಖಾತೆ ಎಲ್ಲಿ ಸಾಯುತ್ತೆ ಗೊತ್ತಾ? ಪಂಚಾಯಿತಿ ಚುನಾವಣೆ ಆದ ಮೇಲೆ. ಹಳೆ ಅಧ್ಯಕ್ಷರ ಸಹಿ ನಡೆಯೋದಿಲ್ಲ, ಹೊಸಬರ ಸಹಿ ಬ್ಯಾಂಕಿನಲ್ಲಿಲ್ಲ, ಕೆವೈಸಿ ಮುಗಿದಿರುತ್ತೆ, ಖಾತೆ ಲಾಕ್. ಇಂಥ ಲಾಕ್ ಆದ ಖಾತೆಯನ್ನು ಬಿಡಿಸಲು ನಮ್ಮ ಆಶಾಕ್ಕ ಬ್ಯಾಂಕಿಗೆ ಐದು ಸಲ ಹೋದರು, ಬಸ್ ಚಾರ್ಜು ಕೈಯಿಂದಲೇ. ಹಾಗಾಗಿ ಹೊಸ ಸದಸ್ಯರ ಮೊದಲ ಸಭೆಯಲ್ಲೇ ಸಹಿ ಬದಲಾವಣೆಯ ಠರಾವು ಮಾಡಿಸಿ. ಠರಾವಿನ ನಕಲು, ಇಬ್ಬರ ಆಧಾರ್, ಫೋಟೊ, ಮೂರೂ ಒಟ್ಟಿಗೆ ಹಿಡಿದು ಇಬ್ಬರೂ ಒಂದೇ ದಿನ ಹೋಗಿ.

ಖರ್ಚಿಗೆ ನನ್ನ ಅಭಿಪ್ರಾಯ ಇಷ್ಟು. ಫ್ಲೆಕ್ಸ್ ಬೇಡ. ಸುಣ್ಣಬಣ್ಣವೂ ಇದರಲ್ಲಿ ಬೇಡ. ಬಿಪಿ ಮಷೀನಿನ ಸೆಲ್ಲು, ಹರಿದ ಪಟ್ಟಿ, ತೂಕದ ತಕ್ಕಡಿ ರಿಪೇರಿ, ಸಾಲಲ್ಲಿ ಕೂರೋಕೆ ಎರಡು ಬೆಂಚು, ಕುಡಿಯೋಕೆ ಒಂದು ಹರವಿ ನೀರು, ರಾತ್ರಿ ಬಡವರ ಗಾಡಿ ಬಾಡಿಗೆ. ನಿಂತುಹೋದ ಕೆಲಸವನ್ನು ಅದೇ ವಾರ ಎಬ್ಬಿಸೋಕೆ ಈ ಹಣ. ಖರ್ಚಿನ ಲೆಕ್ಕ ಗ್ರಾಮಸಭೆಯಲ್ಲಿ ಜೋರಾಗಿ ಓದಿ. 240 ರೂಪಾಯಿ ಸೆಲ್ಲಿಗೂ ಓದಿ. ಒಂದೆರಡು ಸಲ ನಗುತ್ತಾರೆ, ಆಮೇಲೆ ಕೇಳೋಕೆ ಕೂರುತ್ತಾರೆ.

ನೀರು, ಕರೆಂಟು, ಕಾಂಪೌಂಡು, ಸಿಬ್ಬಂದಿಯ ಶೌಚಾಲಯ ಇವು ಪಂಚಾಯಿತಿಯನ್ನು ಹಿಡಿದು ಮಾಡಿಸಬೇಕಾದ ಕೆಲಸ. ಕೊನೆಯದನ್ನು ಮರೆಯಬೇಡಿ. ಬಾಗಿಲಿಗೆ ಚಿಲಕ ಇಲ್ಲದ, ನೀರಿಲ್ಲದ ಶೌಚಾಲಯ ಇರುವ ಕಡೆ ಯಾವ ಹೆಣ್ಣುಮಗಳು ತಾನೇ ರಾತ್ರಿ ಉಳಿಯುತ್ತಾಳೆ? "ಸಿಸ್ಟರ್ ಊರಾಗ ಇರಂಗಿಲ್ಲ" ಅಂತ ಬಯ್ಯುವ ಮುಂಚೆ ಆ ಕ್ವಾರ್ಟರ್ಸ್‌ಗೆ ಒಂದು ಸಲ ಹೋಗಿ ಬನ್ನಿ.

ರಾತ್ರಿ ಎರಡು ಗಂಟೆಗೆ

108 ಇದೆ. ನಮ್ಮ ರಾಜ್ಯದಲ್ಲಿ 2008ರಿಂದ ಓಡುತ್ತಿದೆ. ಮೊದಲ ಫೋನ್ ಅದಕ್ಕೇ. ಆದರೆ ಅದು ಬರುವುದು ತಡವಾದರೆ ಎರಡನೇ ಗಾಡಿ ಯಾವುದು ಅನ್ನೋದು ಹಗಲಲ್ಲೇ ತೀರ್ಮಾನ ಆಗಿರಬೇಕು. ಊರಲ್ಲಿ ಟಂಟಂ ಯಾರದು, ಬೊಲೆರೊ ಯಾರದು, ಡ್ರೈವರ್ ಕುಡಿಯದವನಾ, ಡೀಸೆಲ್ ಹಣ ಯಾರು ಕೊಡುತ್ತಾರೆ. ಮೂರು ನಂಬರುಗಳನ್ನು ಉಪಕೇಂದ್ರದ ಹೊರಗೋಡೆಯ ಮೇಲೆ ಬರೆಸಿ. ಒಳಗೆ ಬರೆಸಿದರೆ ರಾತ್ರಿ ಬೀಗ ಹಾಕಿರುತ್ತೆ.

ಭೀಮೆ, ಕೃಷ್ಣೆಯ ದಂಡೆಯ ಊರುಗಳಿಗೆ ಇದಷ್ಟೇ ಸಾಲದು. ಹೊಳೆ ತುಂಬಿದರೆ ನೀಲಕಂಠರಾಯನ ಗಡ್ಡಿಯಂಥ ಊರಿಗೆ ದಾರಿಯೇ ಕಡಿಯುತ್ತಿದ್ದುದನ್ನು ನಮ್ಮ ಜಿಲ್ಲೆಯವರೆಲ್ಲಾ ಕೇಳಿದ್ದೇವೆ. ಅಂಥ ಕಡೆ ಜುಲೈಯಿಂದ ಅಕ್ಟೋಬರ್ ನಡುವೆ ದಿನ ತುಂಬುವ ಬಸುರಿಯರ ಪಟ್ಟಿಯನ್ನು ಮೇ ತಿಂಗಳಲ್ಲೇ ಬೇರೆ ತೆಗೆಯಿರಿ. ಹೆರಿಗೆಗೆ ಎರಡು ವಾರ ಮುಂಚೆ ಈಚೆ ದಂಡೆಯ ನೆಂಟರ ಮನೆಯಲ್ಲಿ ಇರುವಂತೆ ಮಾತಾಡಿಡಿ.

ಹಾವು ಕಡಿತಕ್ಕೆ ಎರಡು ಮಾತು. ತೊಗರಿ ಹೊಲದಲ್ಲಿ, ಕಣದಲ್ಲಿ ಇದು ಇದ್ದೇ ಇರುತ್ತೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕೊಯ್ಯೋದು, ಹೀರೋದು, ಹಗ್ಗ ಬಿಗಿಯೋದು ಬೇಡ. ಕೈಯೋ ಕಾಲೋ ಅಲುಗಾಡದಂತೆ ಹಲಗೆ ಕಟ್ಟಿ, ಗಾಡಿ ಹತ್ತಿಸಿ. ಯಾವ ದವಾಖಾನೆಗೆ ಅನ್ನೋದು ಮುಖ್ಯ. ವಿಷ ಏರಿದವರಿಗೆ ಶುರುವಿಗೇ ಸಾಮಾನ್ಯವಾಗಿ 10 ಸೀಸೆ ಔಷಧಿ ಬೇಕು. ಎರಡು ಸೀಸೆ ಇರುವ ಕಡೆ ಹೋಗಿ ಮತ್ತೆ ಮುಂದಕ್ಕೆ ಓಡಿದರೆ ಹೊತ್ತು ಹೋಗುತ್ತೆ. ಮಳೆಗಾಲ ಶುರುವಾಗುವ ಮುಂಚೆ ಸಮಿತಿಯವರು ನಿಮ್ಮ ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆ ಎರಡಕ್ಕೂ ಹೋಗಿ ಎಷ್ಟು ಸೀಸೆ ಇದೆ ಅಂತ ಕೇಳಿ ಬನ್ನಿ. ಪುಡಿಯ ರೂಪದ್ದು ಫ್ರಿಜ್ ಇಲ್ಲದೆಯೂ ಇರುತ್ತೆ, ನೀರಿನ ರೂಪದ್ದಕ್ಕೆ 2ರಿಂದ 8 ಡಿಗ್ರಿ ಬೇಕು. ಅದನ್ನೂ ಕೇಳಿ. ಕೇಳಿದರೆ ಬೇಜಾರಾಗುತ್ತಾರೆ ಅಂತ ಹೆದರಬೇಡಿ. ನಾನು ಕೌಂಟರಿನ ಒಳಗಿದ್ದಾಗ ಹಾಗೆ ಕೇಳೋಕೆ ಬಂದವರು ಇಬ್ಬರೇ. ಅವರು ಬಂದು ಹೋದ ವಾರವೇ ನಾನು ಇಂಡೆಂಟ್ ಹಾಕಿದೆ.

ದೊಡ್ಡ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಎಲ್ಲರಿಗೂ ಮಾಡಿಸಿಡಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ನೇರವಾಗಿ ಖಾಸಗಿಗೆ ಹೋಗಿ ಹೊಲ ಅಡ ಇಟ್ಟವರು ಪ್ರತಿ ಊರಲ್ಲೂ ಇದ್ದಾರೆ. ಹಾಗೆಯೇ ಕಲಬುರಗಿಯ ಸರ್ಕಾರಿ ದೊಡ್ಡಾಸ್ಪತ್ರೆ ಜಿಮ್ಸ್‌ನಿಂದಲೋ ಬೇರೆ ಕಡೆಯಿಂದಲೋ ವಾಪಸ್ ಬಂದವರ ಡಿಸ್ಚಾರ್ಜ್ ಕಾಗದ ನೋಡಿ, ಮುಂದಿನ ತಪಾಸಣೆಯ ತಾರೀಖನ್ನು ಊರಿನ ಪುಸ್ತಕದಲ್ಲಿ ಬರೆದುಕೊಳ್ಳಿ. ಮೇಲಕ್ಕೆ ಹೋದ ರೋಗಿಯ ಸುದ್ದಿ ಕೆಳಗೆ ಬರುವ ದಾರಿ ಇದೊಂದೇ.

ಸಭೆ

ತಿಂಗಳಿಗೊಂದು, ಅಂಗನವಾಡಿಯಲ್ಲಿ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನ ನಡೆಯುತ್ತಲ್ಲ, ಅದು ಮುಗಿದ ತಕ್ಷಣ. ಬೇರೆ ದಿನ ಇಟ್ಟರೆ ಯಾರೂ ಬರೋದಿಲ್ಲ. ರಾಶಿ ದಿನಗಳಲ್ಲಿ, ಎಳ್ಳಮಾಸಿಯ ದಿನ, ಮೈಲಾಪುರ ಜಾತ್ರೆಯ ವಾರದಲ್ಲಿ ಇಡಬೇಡಿ. ಅರ್ಧ ಗಂಟೆ ಸಾಕು. ಯಾವ ಗುಳಿಗೆ ಗೂಡಿನ ಕೆಂಪು ನಂಬರಿಗೆ ಇಳಿದಿದೆ, ಯಾರು ಪಟ್ಟಿಯಿಂದ ಬಿಟ್ಟುಹೋದರು, ಹೋದ ತಿಂಗಳು ಹೇಳಿದ ಕೆಲಸ ಆಯಿತಾ. ಚಹಾ ಮಾತ್ರ ಇರಲಿ.

ಆಶಾಗಳಿಗೆ ಸಿಗೋದು ಗೌರವಧನ, ಸಂಬಳ ಅಲ್ಲ. ಅವರನ್ನು ದಿನಕ್ಕೊಂದು ಸಭೆಗೆ ಕರೆದು ಕೂರಿಸೋದನ್ನು ಪಂಚಾಯಿತಿಯವರು ನಿಲ್ಲಿಸಬೇಕು. ಆದರೆ ಊರಲ್ಲೇ ಹುಟ್ಟಿದ ಅಥವಾ ಊರಿಗೇ ಸೊಸೆಯಾಗಿ ಬಂದ ಆಶಾಗೆ ವರ್ಗವಿಲ್ಲ. ಅದಕ್ಕೇ ಸಿಸ್ಟರ್ ಮಾಡುವ ಪ್ರತಿ ಪಟ್ಟಿಯೂ ಆಶಾಗೆ ಗೊತ್ತಿರಬೇಕು. ಒಂದು ಕೆಲಸ ಇಬ್ಬರಿಗಾದರೂ ಬರಬೇಕು.

ಹಸ್ತಾಂತರದ ದಿನ

ಮೇ, ಜೂನ್ ವರ್ಗಾವಣೆಯ ಕಾಲ. ಆದೇಶ ಬಂದ ದಿನ ಶಾಲು, ಹಾರಕ್ಕಿಂತ ಮೊದಲು ಎರಡು ಕೆಲಸ ಮಾಡಿ. ಹೋಗುವವರಿಂದ ಒಂದು ಪುಟ ಬರೆಸಿ: ಮುಂದಿನ 60 ದಿನದಲ್ಲಿ ಹೆರಿಗೆ ಆಗುವವರು ಯಾರು, ಅಪಾಯದ ಬಸುರಿಯರು ಯಾರು, ಲಸಿಕೆಗೆ ಬೇಡ ಅನ್ನುವ ಮನೆಗಳು ಯಾವುವು, ಯಾವ ಸಾಮಾನು ರಿಪೇರಿಗೆ ಹೋಗಿದೆ, ಯಾವ ಇಂಡೆಂಟ್ ಬರಬೇಕಿದೆ. ಎರಡನೆಯದು, ಬಂದವರ ಜೊತೆ ಒಂದು ದಿನ ಊರು ಸುತ್ತಿಸಿ. ಹೋದವರು ಸಿಗದಿದ್ದರೆ ಆಶಾ ಸುತ್ತಿಸಲಿ. ಲಸಿಕೆಗೆ ಬೇಡ ಅನ್ನುವ ಮನೆಯ ಹೊಸ್ತಿಲಲ್ಲಿ "ಇವರು ನಮ್ಮ ಹೊಸ ಅಕ್ಕಾವ್ರು" ಅಂತ ಪರಿಚಯ ಆಗೋದಕ್ಕೂ, ಒಂದು ತಿಂಗಳು ಬಿಟ್ಟು ನೋಟಿಸ್ ಹಿಡಿದು ಹೋಗೋದಕ್ಕೂ ಬಹಳ ಫರಕ್ ಇದೆ.

ಕಪಾಟನ್ನು ಎಣಿಸಿ ಕೊಡೋದು, ಎಣಿಸಿ ತಗೊಳ್ಳೋದು. ಇಬ್ಬರೂ ಸಹಿ ಮಾಡಿ, ಸಮಿತಿಯವರು ಒಬ್ಬರು ಸಾಕ್ಷಿ ಹಾಕಲಿ. ಆಮೇಲೆ ಬೀಗ. ನಮ್ಮ ಉಪಕೇಂದ್ರದ ಬೀಗಕ್ಕೆ ಒಂದೇ ಕೀಲಿಕೈ ಇತ್ತು, ಅದು ಒಂದು ಸಲ ವರ್ಗವಾದವರ ಜೊತೆ ಬೀದರ್‌ಗೆ ಹೋಗಿ ಹನ್ನೊಂದು ದಿನ ಬಾಗಿಲು ತೆರೆಯಲಿಲ್ಲ. ಈಗ ಮೂರು ಮಾಡಿಸಿದ್ದೇವೆ. ಸಿಸ್ಟರ್ ಹತ್ತಿರ ಒಂದು, ಸಿಎಚ್‌ಒ ಹತ್ತಿರ ಒಂದು, ಇನ್ನೊಂದು ಎದುರು ಮನೆಯ ಆಶಾಕ್ಕನ ದೇವರ ಗೂಡಿನಲ್ಲಿ, ಕುಂಕುಮದ ಡಬ್ಬಿಯ ಹಿಂದೆ. ಔಷಧಿ ಕಪಾಟಿನ ಕೀಲಿಕೈ ಮಾತ್ರ ಬೇರೆ, ಅದು ಸಿಸ್ಟರ್ ಮತ್ತು ಸಿಎಚ್‌ಒ ಕೈಯಲ್ಲೇ. ಮೂರಕ್ಕೂ ಸೇರಿ 90 ರೂಪಾಯಿ ಆಯಿತು, ಮುಕ್ತ ನಿಧಿಯಲ್ಲಿ ಬರೆದಿದ್ದೇವೆ, ಗ್ರಾಮಸಭೆಯಲ್ಲಿ ಓದಿಯೂ ಆಗಿದೆ.